ಅತ್ತೆ ಕುಡಿದ ಎರಡನೇ ಡಿಕಾಕ್ಷನ್

ಇವತ್ತು ಮಧ್ಯಾಹ್ನ ಆಫೀಸಿನ ಲಂಚ್ ರೂಮಿನಲ್ಲಿ ಚಿತ್ರಾನ್ನದ ಡಬ್ಬಿಯನ್ನು ಮೈಕ್ರೋವೇವಿಗೆ ಇಟ್ಟು ನನ್ನ ಪಾಡಿಗೆ ನಾನು ನಿಂತಿದ್ದೆ. ಪಕ್ಕದ ಮೇಜಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಗಾಜಿನ ಲೋಟಕ್ಕೆ ಚಿಟಿಕೆಯಷ್ಟು ಎಲೆ ಹಾಕಿ ಮೇಲೆ ಬಿಸಿನೀರು ಹುಯ್ದಳು. ಅಷ್ಟೇ ನಡೆದದ್ದು. ಆದರೆ ಒಣಗಿದ ಚೀನೀ ಚಹಾದ ಎಲೆಗೆ ಮೊದಲ ನೀರು ತಗುಲಿದಾಗ ಒಂದು ವಾಸನೆ ಏಳುತ್ತದೆ ನೋಡಿ, ಅದು ನೇರವಾಗಿ ನನ್ನ ಮೂಗಿಗೆ ಬಂತು. ಹೇಗೆ ಹೇಳಲಿ ನಿಮಗೆ? ಕಡಲೆ ಹುರಿಯುವ ಅಂಗಡಿಯ ಮುಂದೆ ಯಾರೋ ಸಂಪಿಗೆ ಮುಡಿದುಕೊಂಡು ಹಾದುಹೋದ ಹಾಗೆ. ಮೈಕ್ರೋವೇವ್ ಕೂಗಿ ಕೂಗಿ ಸುಮ್ಮನಾಯಿತು. ಹಿಂದೆ ಸಾಲಿನಲ್ಲಿದ್ದವರು ಒಂದು ಸಲ ಕೆಮ್ಮಿದರು, ಇನ್ನೊಂದು ಸಲ ಕೆಮ್ಮಿದರು. ಕೊನೆಗೆ ನನ್ನ ಡಬ್ಬಿಯನ್ನು ಅವರೇ ತೆಗೆದು ನನ್ನ ಕೈಗೆ ಕೊಟ್ಟರು.

ಈ ವಾಸನೆಗೂ ನನಗೂ ಹದಿಮೂರು ವರ್ಷದ ಸ್ನೇಹ. ಹೀಗೆ ಹೇಳಿಕೊಳ್ಳುವುದಕ್ಕೆ ನನಗೆ ಸ್ವಲ್ಪ ಸಂಕೋಚವೇ. ನಾನು ಹುಟ್ಟಿದ್ದು ಮೈಸೂರಿನಲ್ಲಿ, ಮದುವೆಯಾಗಿ ಸೇರಿದ್ದೂ ಮೈಸೂರಿನದೇ ಮನೆಯನ್ನು. ಎರಡೂ ಕಡೆ ಬೆಳಗಾಗುವುದು ಕಾಫಿಯಿಂದ. ಚಹಾ ಎಂಬುದು ನಮ್ಮಲ್ಲಿ ನೆಗಡಿಯಾದಾಗ ಶುಂಠಿ ಜಜ್ಜಿ ಹಾಕಿ ಕುದಿಸುವ ಔಷಧ, ಇಲ್ಲವೇ ಉತ್ತರದ ಕಡೆಯ ನೆಂಟರ ನೆಂಟರು ಬಂದಾಗ ಪಕ್ಕದ ಮನೆಯಿಂದ ಪುಡಿ ಕೇಳಿ ತಂದು, ಮನಸ್ಸಿಲ್ಲದೆ ಮಾಡಿಕೊಡುವ ಪದಾರ್ಥ.

ನಮ್ಮ ಅತ್ತೆಯಂತೂ ಈ ವಿಷಯದಲ್ಲಿ ಹೈಕೋರ್ಟು. ಫಿಲ್ಟರಿಗೆ ಪುಡಿ ಹಾಕಿ ಕುದಿನೀರು ಹುಯ್ದರೆ ಮೊದಲು ಇಳಿಯುವುದು ಗಟ್ಟಿ ಡಿಕಾಕ್ಷನ್. ಅದು ಮನೆಯ ಯಜಮಾನರಿಗೆ, ಬೀಗರಿಗೆ, ಡಾಕ್ಟರಿಗೆ, ಮಕ್ಕಳ ಮೇಷ್ಟರಿಗೆ. ಅದೇ ಪುಡಿಯ ಮೇಲೆ ಮತ್ತೆ ನೀರು ಹುಯ್ದು ಇಳಿಸುವುದು ಎರಡನೇ ಡಿಕಾಕ್ಷನ್. ಅದು ಚಂದಾ ಕೇಳಲು ಬಂದವರಿಗೆ, ಹೊತ್ತಾದರೂ ಎದ್ದು ಹೋಗದವರಿಗೆ, ಮತ್ತೆ, ತಪ್ಪು ತಿಳಿಯಬೇಡಿ, ಮನೆಯ ಸೊಸೆಗೆ. ಯಾರ ಮನೆಯಲ್ಲಿ ತಮಗೆ ಎರಡನೇದು ಕೊಟ್ಟಿದ್ದರೋ ಆ ಮನೆ ಅತ್ತೆಗೆ ಜೀವಮಾನವಿಡೀ ನೆನಪಿರುತ್ತಿತ್ತು. ಮೈದುನನಿಗೆ ನೋಡಿದ ಒಂದು ಸಂಬಂಧ ಕೈಬಿಟ್ಟದ್ದನ್ನು ಅವರು ಬಹಳ ಸಹಜವಾಗಿ ಹೇಳುತ್ತಿದ್ದರು, "ಹುಡುಗಿ ಲಕ್ಷಣವಾಗಿದ್ದಳು ಕಣೆ. ಆದರೆ ಕಾಫಿ ಎರಡನೇದು."

ಇಂಥ ಅತ್ತೆ ತೊಂಬತ್ತರ ದಶಕದ ನಡುವೆ, ಒಂದು ಅಕ್ಟೋಬರಿನಲ್ಲಿ, ನನ್ನ ಬಾಣಂತನಕ್ಕೆಂದು ಕೆನಡಾಕ್ಕೆ ಬಂದಿಳಿದರು. ಪೆಟ್ಟಿಗೆಯಲ್ಲಿ ಅವರ ಬಟ್ಟೆಗಿಂತ ಕಾಫಿಪುಡಿಯೇ ಹೆಚ್ಚಿತ್ತು. ನಾವಾಗ ಯೂನಿಯನ್‌ವಿಲ್‌ನಲ್ಲಿ ಒಂದು ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ನಮ್ಮವರಿಗೆ ಅರೋರಾದಲ್ಲಿ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸ. ನಾನು ಹತ್ತಿರದ ಕಂಪನಿಯೊಂದರಲ್ಲಿ ಸರ್ಕ್ಯೂಟ್ ಬೋರ್ಡುಗಳನ್ನು ಪರೀಕ್ಷೆ ಮಾಡುತ್ತಿದ್ದೆ. ಬೇಸ್‌ಮೆಂಟಿಗೆ ಇದ್ದದ್ದು ಒಂದೇ ಕಿಟಕಿ, ಅದೂ ಸೂರಿನ ಹತ್ತಿರ. ಅದರಿಂದ ಹೊರಗಿನ ಹುಲ್ಲಿನ ಬುಡ, ಓಡಾಡುವವರ ಬೂಟು, ಡಿಸೆಂಬರಾದ ಮೇಲೆ ಬರೀ ಹಿಮ ಕಾಣುತ್ತಿತ್ತು. ಅತ್ತೆ ಮೊದಲ ದಿನ ಅದನ್ನು ನೋಡಿ, "ನೆಲಮಾಳಿಗೆಗೆ ಬೆಳಕು ಇಷ್ಟಾದರೂ ಬರುತ್ತಲ್ಲ" ಎಂದು ಸಮಾಧಾನ ಮಾಡಿಕೊಂಡರು. ಸಮಾಧಾನ ನನಗೋ ತಮಗೋ ಗೊತ್ತಾಗಲಿಲ್ಲ.

ಮೇಲಿನ ಮನೆಯಲ್ಲಿ ಇದ್ದವರು ಮನೆಯ ಒಡತಿ ಮಿಸೆಸ್ ಲಿನ್. ಐವತ್ತರ ಆಸುಪಾಸಿನ, ಚಿಕ್ಕ ಆಳಿನ ಹೆಂಗಸು. ಮೂಲ ಚೀನಾದ ಫುಜಿಯನ್ ಕಡೆಯವರಂತೆ, ಬೆಳೆದದ್ದು ಹಾಂಗ್‌ಕಾಂಗ್‌ನಲ್ಲಿ. ಗಂಡ ತೀರಿಕೊಂಡಿದ್ದರು. ಒಬ್ಬನೇ ಮಗ ಪೀಟರ್ ಬೇರೆ ಊರಿನ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ. ಇವರು ಬಟ್ಟೆ ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ಹೊಲಿದು ಮಂಡಿನೋವು ತಂದುಕೊಂಡು, ಈಗ ಮನೆಯಲ್ಲೇ ಪ್ಯಾಂಟುಗಳ ಅಂಚು ಮಡಿಚಿ ಹೊಲಿದು ಕೊಡುತ್ತಿದ್ದರು. ಅವರ ಇಂಗ್ಲಿಷಿನಲ್ಲಿ ಕ್ರಿಯಾಪದಗಳು ಕಡಿಮೆ, ನನ್ನ ಇಂಗ್ಲಿಷಿನಲ್ಲಿ ಧೈರ್ಯ ಕಡಿಮೆ. ಆದ್ದರಿಂದ ನಾವಿಬ್ಬರೂ ಹೆಚ್ಚಾಗಿ ನಗುವುದರಲ್ಲೇ ಮಾತು ಮುಗಿಸುತ್ತಿದ್ದೆವು.

ಮಗು ಅನು ಹುಟ್ಟಿ ಒಂದು ತಿಂಗಳಾದ ದಿನ ಮಿಸೆಸ್ ಲಿನ್ ಮೆಟ್ಟಿಲಿಳಿದು ಬಂದರು. ಕೈಯಲ್ಲಿ ಒಂದು ಬುಟ್ಟಿ, ಅದರ ತುಂಬ ಕೆಂಪು ಬಣ್ಣ ಬಳಿದ ಬೇಯಿಸಿದ ಮೊಟ್ಟೆ. ಮಗುವಿಗೆ ತಿಂಗಳು ತುಂಬಿದರೆ ಅವರಲ್ಲಿ ಹಾಗೆ ಹಂಚುವುದು ಶುಭವಂತೆ. ಅತ್ತೆ ಮೊಟ್ಟೆಯನ್ನು ಮನೆಯೊಳಗೆ ಬಿಟ್ಟುಕೊಂಡವರಲ್ಲ. ಆದರೆ ಶುಭಕ್ಕೆಂದು ಬಂದದ್ದನ್ನು ಬೇಡ ಅನ್ನುವವರೂ ಅಲ್ಲ. ಬುಟ್ಟಿಗೆ ದೂರದಿಂದಲೇ ಕುಂಕುಮ ಹಚ್ಚಿ, ನಮ್ಮವರ ಕೈಯಲ್ಲಿ ಹೊರಗಿನ ಮೆಟ್ಟಿಲ ಮೇಲೆ ಇಡಿಸಿದರು. ಸಂಜೆಯ ಹೊತ್ತಿಗೆ ಬುಟ್ಟಿ ಖಾಲಿ. ಅಳಿಲು ತಿಂದಿತು ಎಂದು ನಮ್ಮವರು ಹೇಳಿದರು. ಅವರ ಬೆರಳಿನ ತುದಿ ಎರಡು ದಿನ ಕೆಂಪಾಗಿತ್ತು.

ಮೊಟ್ಟೆಯ ಜೊತೆಗೆ ಬಂದದ್ದು ಒಂದು ಚಹಾದ ಪೊಟ್ಟಣ. ಒಳಗೆ ಕರಿಹಸಿರು ಉಂಡೆಗಳು, ಮೆಣಸಿನ ಕಾಳಿಗಿಂತ ತುಸು ದೊಡ್ಡವು. ನನಗೆ ತಿಳಿದ ಚಹಾ ಒಂದೇ. ಪಾತ್ರೆಗೆ ಹಾಲು, ನೀರು, ಸಕ್ಕರೆ, ಶುಂಠಿ, ಎರಡು ಏಲಕ್ಕಿ ಹಾಕಿ, ಈ ಉಂಡೆಗಳನ್ನು ಸುರಿದು, ಕಾಲು ಗಂಟೆ ಕೊತಕೊತ ಕುದಿಸಿದೆ. ಒಳ್ಳೆಯ ಮನಸ್ಸಿನಿಂದ ಒಂದು ದೊಡ್ಡ ಲೋಟ ತುಂಬಿಸಿ ಮೇಲೆ ಕೊಂಡೊಯ್ದು ಕೊಟ್ಟೆ. ಮಿಸೆಸ್ ಲಿನ್ ಒಂದು ಗುಟುಕು ಕುಡಿದು ಲೋಟದೊಳಗೆ ಇಣುಕಿ ನೋಡಿದರು. ಆಮೇಲೆ, "ನೈಸ್ ಸೂಪ್" ಎಂದರು. ನಾನು ಖುಷಿಯಿಂದ ಕೆಳಗಿಳಿದೆ. ಅದು ಅವರದೇ ಎಲೆ ಎಂದು ಅವರಿಗೆ ಗೊತ್ತೇ ಆಗಿರಲಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ಆಮೇಲೆ.

ಆ ಚಳಿಗಾಲವಿಡೀ ನನ್ನ ತಲೆಯ ತುಂಬ ಒಂದೇ ಯೋಚನೆ. ನನ್ನ ಹೆರಿಗೆ ರಜೆಯೂ ಅತ್ತೆಯ ವೀಸಾವೂ ಒಂದೇ ತಿಂಗಳಲ್ಲಿ ಮುಗಿಯುತ್ತಿದ್ದವು, ಏಪ್ರಿಲ್ಲಿನಲ್ಲಿ. ಆಗ ಮಗುವಿಗೆ ಆರು ತಿಂಗಳು. ಡೇಕೇರ್ ನಮ್ಮ ಕೈಗೆ ಎಟುಕುವಂಥದ್ದಲ್ಲ. ಕೆಲಸ ಬಿಟ್ಟರೆ ಒಬ್ಬರ ಸಂಬಳದಲ್ಲಿ ಮನೆ ನಡೆಯುವುದಿಲ್ಲ. ಅತ್ತೆಯೇ ಒಂದು ದಿನ ಮಗುವಿಗೆ ಎಣ್ಣೆ ತಿಕ್ಕುತ್ತಾ ಹೇಳಿದರು, "ನಾನೇ ಕರ್ಕೊಂಡು ಹೋಗ್ತೀನಿ. ಮೈಸೂರಲ್ಲಿ ಮನೆ ತುಂಬ ಜನ ಇದ್ದಾರೆ. ನೀವಿಬ್ಬರೂ ಒಂದು ನೆಲೆಗೆ ಬಂದಮೇಲೆ, ಎರಡು ವರ್ಷವೋ ಮೂರು ವರ್ಷವೋ, ಬಂದು ಕರ್ಕೊಂಡು ಹೋಗಿ." ಅವರ ದನಿಯಲ್ಲಿ ದಬ್ಬಾಳಿಕೆ ಇರಲಿಲ್ಲ. ಪ್ರೀತಿಯೇ ಇತ್ತು. ನಮ್ಮ ಕನ್ನಡದವರಲ್ಲೇ ಇಬ್ಬರು ಹಾಗೆ ಮಕ್ಕಳನ್ನು ಊರಿಗೆ ಕಳಿಸಿದ್ದರು. ನಾವೂ ಹೂಂ ಎಂದೆವು.

ಹೂಂ ಎಂದ ಮೇಲೆ ಕೆಲಸಗಳು ಶುರುವಾದವು. ಪಾಸ್‌ಪೋರ್ಟಿಗೆ ಮಗುವಿನ ಫೋಟೋ ತೆಗೆಸಬೇಕು. ಕಣ್ಣು ತೆರೆದಿರಬೇಕು, ಹಿಡಿದವರ ಕೈ ಕಾಣಬಾರದು. ನಾನು ಬಿಳಿ ಬಟ್ಟೆ ಹೊದ್ದು, ಕುರ್ಚಿಯಾಗಿ ಕುಳಿತು ಮಗುವನ್ನು ಹಿಡಿದುಕೊಂಡೆ. ಅತ್ತೆ ತಮ್ಮ ದೊಡ್ಡ ಮಗನಿಗೆ ಪತ್ರ ಬರೆದು ಅಟ್ಟದ ಮೇಲಿನ ತೊಟ್ಟಿಲು ಇಳಿಸಿ ಪಾಲಿಶ್ ಮಾಡಿಸಲು ಹೇಳಿದರು. ನಾನು ಮಗುವಿಗೆ ಬಾಟಲಿ ಅಭ್ಯಾಸ ಮಾಡಿಸತೊಡಗಿದೆ. ಅವಳು ಬಾಟಲಿಯನ್ನು ನಾಲಿಗೆಯಿಂದ ತಳ್ಳಿ ನನ್ನ ಕಡೆ ಹೊರಳುತ್ತಿದ್ದಳು. ನನಗೆ ಅವಳನ್ನು ಕಳಿಸುವುದು ಬೇಡವಾಗಿತ್ತು. ಬೇಡ ಅನ್ನುವುದಕ್ಕೆ ಬಾಯಿ ಬರುತ್ತಿರಲಿಲ್ಲ, ಯಾಕೆಂದರೆ ಬೇಡ ಎಂದಮೇಲೆ ಮತ್ತೇನು ಎಂದು ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಟ್ಟೆ ಒಗೆಯುವ ಮೆಷಿನ್ನು ನಮ್ಮ ಬೇಸ್‌ಮೆಂಟಿನ ಮೂಲೆಯಲ್ಲಿತ್ತು. ಮಿಸೆಸ್ ಲಿನ್ ಶನಿವಾರ ಬಟ್ಟೆ ತಂದು ಹಾಕುವಾಗ, ನಾನು ಅಲ್ಲೇ ಕುಳಿತು ಅನುವಿನ ಅಂಗಿಗಳನ್ನು ಸೂಟ್‌ಕೇಸಿಗೆ ಮಡಿಸಿ ಇಡುತ್ತಿದ್ದೆ.

"ಬೇಬಿ ಗೋ ವೇರ್?" ಎಂದು ಕೇಳಿದರು.

"ಇಂಡಿಯಾ. ಅಜ್ಜಿ ಜೊತೆ. ಟೂ ಇಯರ್ಸ್, ತ್ರೀ ಇಯರ್ಸ್."

ಅವರ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. "ನೋ" ಎಂದರು. ಬಟ್ಟೆಯನ್ನು ಮೆಷಿನ್ನಿನ ಮೇಲಿಟ್ಟು, "ನೋ ಸೆಂಡ್. ಐ ಲುಕ್ ಬೇಬಿ. ಎವ್ರಿಡೇ ಐ ಹೋಮ್" ಎಂದರು. ಆಮೇಲೆ ಸೂಟ್‌ಕೇಸನ್ನೂ ನನ್ನ ಮುಖವನ್ನೂ ನೋಡಿ, "ಟೆಲ್ ಗ್ರ್ಯಾಂಡ್‌ಮಾ ಕಮ್. ಡ್ರಿಂಕ್ ಟೀ. ಸೀ ಮೈ ಹೌಸ್" ಎಂದರು.

ನಮ್ಮವರಿಗೆ ಹೇಳಿದೆ. ಅವರ ಮುಖ ಒಂದು ಕ್ಷಣ ಅರಳಿತು. ಮರುಕ್ಷಣವೇ, "ಅಮ್ಮ ಒಪ್ಪಿದರೆ ನನ್ನದೇನೂ ಇಲ್ಲ" ಎಂದು ಶಿಫ್ಟಿಗೆ ಹೊರಟುಹೋದರು. ಅತ್ತೆ, "ಗುರುತಿಲ್ಲ, ಪರಿಚಯವಿಲ್ಲ, ಮಗು ಅತ್ತರೆ ಯಾವ ಭಾಷೇಲಿ ಸಮಾಧಾನ ಮಾಡ್ತಾಳೆ" ಎಂದರು. ಆದರೂ, "ಕರೆದಿದ್ದಾಳೆ, ಹೋಗದೇ ಇದ್ದರೆ ಚೆನ್ನಾಗಿರಲ್ಲ. ನೋಡೋಣ" ಎಂದು ಭಾನುವಾರ ಒಳ್ಳೆಯ ಸೀರೆ ಉಟ್ಟು, ಉಣ್ಣೆಯ ಕಾಲುಚೀಲ ಹಾಕಿಕೊಂಡು, ನಾಲ್ಕು ಕಿತ್ತಳೆ ಹಣ್ಣು ತಟ್ಟೆಯಲ್ಲಿಟ್ಟುಕೊಂಡು ನನ್ನ ಹಿಂದೆ ಮೆಟ್ಟಿಲು ಹತ್ತಿದರು. ಈ ಒಂದು ಗಂಟೆ ಚೆನ್ನಾಗಿ ಕಳೆದರೆ ಮಗು ನನ್ನದಾಗಿಯೇ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ.

ಮಿಸೆಸ್ ಲಿನ್ ಮೇಜಿನ ಮೇಲೆ ಎಲ್ಲ ಸಿದ್ಧ ಮಾಡಿದ್ದರು. ಸಂದುಸಂದಾದ ಮರದ ತಟ್ಟೆ, ಅದರ ಮೇಲೆ ಮುಷ್ಟಿಯಷ್ಟು ದೊಡ್ಡ ಮಣ್ಣಿನ ಹೂಜಿ, ಮೂರು ಬಟ್ಟಲು. ಬಟ್ಟಲು ಎಂದರೆ ತೀರ್ಥದ ಉದ್ಧರಣೆಗಿಂತ ಸ್ವಲ್ಪ ದೊಡ್ಡವು. ಹೂಜಿಗೆ ಎಲೆ ಹಾಕಿದರು, ಕುದಿನೀರು ಹುಯ್ದರು. ಹುಯ್ದ ತಕ್ಷಣ ಆ ನೀರನ್ನೆಲ್ಲ ಬಟ್ಟಲುಗಳ ಮೇಲೂ ಹೂಜಿಯ ಮೇಲೂ ಅಭಿಷೇಕದ ಹಾಗೆ ಸುರಿದು ಚೆಲ್ಲಿಬಿಟ್ಟರು. ಮತ್ತೆ ನೀರು ಹುಯ್ದರು. ಈ ಸಲ ಮೂರು ಬಟ್ಟಲಿಗೂ ಸುತ್ತುಸುತ್ತಾಗಿ ಸಮನಾಗಿ ಬಗ್ಗಿಸಿ, ಮೊದಲ ಬಟ್ಟಲನ್ನು ಎರಡೂ ಕೈಯಿಂದ ಅತ್ತೆಯ ಮುಂದೆ ಇಟ್ಟರು.

ಅತ್ತೆ ಯಾರ ಮನೆಯಲ್ಲೂ ಲೋಟ ತುಟಿಗೆ ಮುಟ್ಟಿಸಿ ಕುಡಿದವರಲ್ಲ. ಆ ಗುಬ್ಬಿಬಟ್ಟಲನ್ನೂ ಎತ್ತಿ ಹಿಡಿದು, ಕತ್ತು ಹಿಂದಕ್ಕೆ ಮಾಡಿ, ಮೇಲಿನಿಂದ ಬಾಯಿಗೆ ಹುಯ್ದುಕೊಂಡರು. ಸುಡುತ್ತಿದ್ದಿರಬೇಕು. ಎರಡು ಹನಿ ಗದ್ದಕ್ಕೆ ಬಿತ್ತು, ಮಿಕ್ಕಿದ್ದನ್ನು ಮುಖದ ಒಂದು ಗೆರೆಯೂ ಅಲುಗದಂತೆ ನುಂಗಿದರು. ಮಿಸೆಸ್ ಲಿನ್ ಆಶ್ಚರ್ಯದಿಂದ ನೋಡಿ, ಬಹುಶಃ ಇದು ದೊಡ್ಡ ಮರ್ಯಾದೆಯ ಕ್ರಮವೆಂದು ತಿಳಿದು, ಅದೇ ಎಲೆಗೆ ಮತ್ತೆ ನೀರು ಹುಯ್ದರು. ಮತ್ತೆ ಕೊಟ್ಟರು. ಮತ್ತೆ ನೀರು. ಹೀಗೆ ಐದು ಸಲ. ನಾನು ಅತ್ತೆಯ ಮುಖ ನೋಡುತ್ತಿದ್ದೆ. ಎರಡನೇ ಬಟ್ಟಲಿಗೆ ಹುಬ್ಬು ಗಂಟಾಯಿತು, ಮೂರನೆಯದಕ್ಕೆ ತುಟಿ ಬಿಗಿಯಿತು, ಐದನೆಯದನ್ನು ಅವರು ಮುಟ್ಟಲೇ ಇಲ್ಲ.

ಕೆಳಗಿಳಿದು ಬಾಗಿಲು ಹಾಕಿದ ಮೇಲೆ ಅತ್ತೆ ಬಾಯಿಬಿಟ್ಟರು. "ನೋಡಿದ್ಯಾ? ಮೊದಲನೇದನ್ನ ನನ್ನ ಕಣ್ಣೆದುರಿಗೇ ಚೆಲ್ಲಿದಳು. ಎರಡನೇದನ್ನ ತಂದು ನನ್ನ ಮುಂದಿಟ್ಟಳು. ಆಮೇಲೆ ಮೂರನೇದು, ನಾಲ್ಕನೇದು. ನಾವೇನು ಚಂದಾ ಎತ್ತೋಕೆ ಹೋಗಿದ್ವೇನೆ?"

"ಅವರ ಕಡೆ ಪದ್ಧತಿ ಇರಬೇಕು ಅತ್ತೆ."

"ಮನೆಗೆ ಬಂದವರಿಗೆ ಚರಟ ಕುಡಿಸೋ ಪದ್ಧತಿ ಯಾವ ಕಡೆಯೂ ಇಲ್ಲ ಕಣೆ. ಎಲೆಗೇ ಕೈ ಬಿಗಿ ಹಿಡಿಯೋಳು ನಾಳೆ ಮಗೂಗೆ ಹಾಲಿಗೂ ನೀರು ಬೆರೆಸ್ತಾಳೆ. ಆ ಮಾತು ಬಿಡು."

ಈಗ ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ, ನಾನೂ ನಗುತ್ತೇನೆ. ಆವತ್ತು ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ವಿಮಾನಕ್ಕೆ ಎರಡು ವಾರ ಉಳಿದಿತ್ತು.

ಮಾರನೆಯ ಬೆಳಿಗ್ಗೆ ನನಗೊಂದು ಉಪಾಯ ಹೊಳೆಯಿತು. ನನ್ನ ಉಪಾಯಗಳ ಬಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ಒಳ್ಳೆಯ ಅಭಿಪ್ರಾಯವಿಲ್ಲ, ಅದಕ್ಕೆ ಕಾರಣವೂ ಇದೆ. ಈ ಚಹಾದ ಮೊದಲನೆಯದನ್ನೇ ಗಟ್ಟಿಯಾಗಿ ಇಳಿಸಿ ಅತ್ತೆಗೆ ಕೊಟ್ಟರೆ, ಎಲೆ ಒಳ್ಳೆಯದೆಂದು ಒಪ್ಪುತ್ತಾರೆ, ಎಲೆ ಒಳ್ಳೆಯದಾದರೆ ಕೊಟ್ಟವರೂ ಒಳ್ಳೆಯವರು ಎಂದಾಗುತ್ತದೆ ಎಂದುಕೊಂಡೆ. ಪೊಟ್ಟಣದಲ್ಲಿ ಉಳಿದಿದ್ದ ಉಂಡೆಗಳನ್ನು ತೆಗೆದು ಕಾಫಿ ಫಿಲ್ಟರಿಗೆ ಅರ್ಧದಷ್ಟು ತುಂಬಿದೆ. ಮೇಲಿನ ಬಿಲ್ಲೆಯಿಂದ ಚೆನ್ನಾಗಿ ಅದುಮಿದೆ. ಕುದಿನೀರು ಹುಯ್ದು ಮುಚ್ಚಳ ಹಾಕಿ, ಕಾಫಿಗೆ ಬಿಡುವ ಹಾಗೆ ಅರ್ಧ ಗಂಟೆ ಬಿಟ್ಟೆ.

ಆ ಉಂಡೆ ಒಂದೊಂದೂ ಸುರುಳಿ ಸುತ್ತಿದ ಇಡೀ ಎಲೆ ಎಂದು ನನಗೆ ಯಾರು ಹೇಳಿದ್ದರು? ಬಂದು ನೋಡುವಾಗ ಎಲೆಗಳು ಬಿಚ್ಚಿಕೊಂಡು, ಬಿಲ್ಲೆಯನ್ನು ಎತ್ತಿ, ಮುಚ್ಚಳವನ್ನು ಪಕ್ಕಕ್ಕೆ ತಳ್ಳಿ, ಫಿಲ್ಟರಿನ ಬಾಯಿಂದ ಹೊರಗೆ ಇಣುಕುತ್ತಿದ್ದವು. ಕೆಳಗೆ ಇಳಿದಿದ್ದ ಕಂದು ನೀರನ್ನು ಒಂದು ಗುಟುಕು ಕುಡಿದೆ. ನೆಲಬೇವಿನ ಕಷಾಯವೇ ವಾಸಿ. ನಾಲಿಗೆ ಅರ್ಧ ದಿನ ಒಗರಾಗಿತ್ತು. ಅತ್ತೆ ಮಗುವನ್ನು ತಟ್ಟಿ ಮಲಗಿಸುತ್ತಾ ಅಲ್ಲೇ ನಿದ್ದೆ ಹೋಗಿದ್ದರು. ನಾನು ಆ ಫಿಲ್ಟರನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೇಲೆ ಹೋಗಿ ಮಿಸೆಸ್ ಲಿನ್ ಅವರ ಮುಂದೆ ಇಟ್ಟೆ.

ಅವರು ಮೊದಲು ಫಿಲ್ಟರನ್ನು ನೋಡಿದರು, ಆಮೇಲೆ ನನ್ನನ್ನು. ಆಮೇಲೆ ಕುರ್ಚಿ ಹಿಡಿದುಕೊಂಡು ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ನಾನೂ ನಕ್ಕೆ. ಆಮೇಲೆ ನನ್ನ ಹರಕು ಇಂಗ್ಲಿಷಿನಲ್ಲಿ ಅತ್ತೆಯ ಡಿಕಾಕ್ಷನ್ನಿನ ಕಾನೂನನ್ನೆಲ್ಲ ವಿವರಿಸಿದೆ. ಅವರ ನಗು ನಿಂತಿತು. "ಗ್ರ್ಯಾಂಡ್‌ಮಾ ಥಿಂಕ್ ಐ ಗಿವ್ ಬ್ಯಾಡ್ ಒನ್?" ಎಂದು ಕೇಳಿ, ತುಂಬ ನೊಂದುಕೊಂಡರು. ಎದ್ದು ನೀರು ಕಾಯಿಸಲು ಇಟ್ಟರು.

ಹೀಗೆ ಶುರುವಾಯಿತು ನನ್ನ ಚಹಾದ ಪಾಠ. ಬೆಳಿಗ್ಗೆ ಅತ್ತೆ ಸ್ನಾನ, ಪೂಜೆ ಮುಗಿಸುವಷ್ಟರಲ್ಲಿ ಮಗುವನ್ನು ಸೊಂಟದ ಮೇಲೆ ಹಾಕಿಕೊಂಡು ಮೇಲೆ ಹೋಗುತ್ತಿದ್ದೆ. ಎಲೆ ಹೂಜಿಯ ತಳ ಮುಚ್ಚುವಷ್ಟು, ಹೆಚ್ಚಿಲ್ಲ. ಹಾಲು ಇಲ್ಲ, ಸಕ್ಕರೆ ಇಲ್ಲ, ಒಲೆಯ ಮೇಲೆ ಕುದಿಸುವುದಂತೂ ಇಲ್ಲವೇ ಇಲ್ಲ. ಮೊದಲ ನೀರು ಹುಯ್ದು ಕೂಡಲೇ ಚೆಲ್ಲುವುದು. ಎರಡನೆಯದಕ್ಕೆ ಮೂರು ಉಸಿರು ಎಣಿಸಿ ಬಗ್ಗಿಸುವುದು. ಆಮೇಲೆ ಒಂದೊಂದು ಸಲಕ್ಕೂ ಒಂದೊಂದು ಉಸಿರು ಹೆಚ್ಚು. ಚೆಲ್ಲುವ ನೀರನ್ನು ನಾನು ಹಟ ಹಿಡಿದು ಕುಡಿದು ನೋಡಿದೆ. ಸಪ್ಪೆ, ಸ್ವಲ್ಪ ಧೂಳಿನ ರುಚಿ. "ಲೀಫ್ ಸ್ಲೀಪಿಂಗ್" ಎಂದರು ಮಿಸೆಸ್ ಲಿನ್. "ಫಸ್ಟ್ ವಾಟರ್, ವೇಕ್ ಅಪ್ ಓನ್ಲಿ. ಗೆಸ್ಟ್ ಕಮ್, ಗಿವ್ ನೆಕ್ಸ್ಟ್ ಒನ್. ಬೆಸ್ಟ್ ಒನ್."

ನನ್ನ ಹತ್ತಿರ ಹೂಜಿ ಎಲ್ಲಿತ್ತು? ಮುಚ್ಚಳವಿರುವ ಯಾವ ಪಾತ್ರೆಯಾದರೂ ಆದೀತು ಎಂದು ಅವರು ಹೇಳಿದ್ದಕ್ಕೆ, ಕೆಳಗೆ ಬಂದು, ಅತ್ತೆ ಮಲಗಿದ ಹೊತ್ತಿನಲ್ಲಿ, ಅವರೇ ಕೊಟ್ಟ ಎಲೆ ಹಾಕಿ ಸ್ಟೀಲ್ ಲೋಟದ ಮೇಲೆ ಸಾಸರ್ ಮುಚ್ಚಿ ಅಭ್ಯಾಸ ಮಾಡಿದೆ. ಎರಡು ಬೆರಳು ಬೊಬ್ಬೆ ಎದ್ದವು. ಮೂರನೆಯ ದಿನ ಸೆರಗಿನಲ್ಲಿ ಹಿಡಿದು ಬಗ್ಗಿಸಬಹುದೆಂದು ಹೊಳೆಯಿತು. ಇಷ್ಟು ಬುದ್ಧಿ ಮೊದಲ ದಿನವೇ ಯಾಕೆ ಬರಲಿಲ್ಲ ಎಂದು ನೀವು ಕೇಳಿದರೆ, ಅದೇ ನಾನು.

ನಾಲ್ಕನೆಯ ಬೆಳಿಗ್ಗೆ, ನಾನು ಕೇಳದೆಯೇ, ಮಿ‌ಸೆಸ್ ಲಿನ್ ಮಗನ ವಿಷಯ ತೆಗೆದರು. ಪೀಟರ್ ಹುಟ್ಟಿದಾಗ ಗಂಡ ಹೆಂಡತಿ ಇಬ್ಬರಿಗೂ ಫ್ಯಾಕ್ಟರಿ ಕೆಲಸ. ಹತ್ತು ತಿಂಗಳಿಗೆ ಅವನನ್ನು ಹಾಂಗ್‌ಕಾಂಗಿಗೆ, ತಮ್ಮ ತಾಯಿಯ ಹತ್ತಿರ ಕಳಿಸಿದರು. ಒಂದು ವರ್ಷಕ್ಕೆ ಎಂದು ಕಳಿಸಿದ್ದು ಐದು ವರ್ಷವಾಯಿತು.

"ಹಿ ಕಮ್ ಬ್ಯಾಕ್. ವೆರಿ ಗುಡ್ ಬಾಯ್. ವೆರಿ ಪೊಲೈಟ್" ಎಂದರು. ಅನ್ನ ಬಡಿಸಿದರೆ ಅವರ ಭಾಷೆಯಲ್ಲಿ ಥ್ಯಾಂಕ್ಯೂ ಆಂಟಿ ಅನ್ನುತ್ತಿದ್ದನಂತೆ. ಬೂಟಿನ ಲೇಸು ಕಟ್ಟಿದರೆ ಥ್ಯಾಂಕ್ಯೂ ಆಂಟಿ. ಬಿದ್ದು ಮಂಡಿ ಒಡೆದುಕೊಂಡಾಗ ಅಜ್ಜಿಯನ್ನು ಕೂಗಿ ಅತ್ತನಂತೆ, ಎದುರಿಗೇ ನಿಂತಿದ್ದ ಇವರನ್ನಲ್ಲ. ಎರಡು ವರ್ಷ ಹಾಗೇ. "ಮೈ ಸನ್. ಇನ್ ಮೈ ಹೌಸ್. ಲೈಕ್ ಗೆಸ್ಟ್." ಇಷ್ಟು ಹೇಳಿ ಅವರು ಬಟ್ಟಲು ತುಂಬಿಸಿ ನನ್ನ ಮುಂದೆ ಇಟ್ಟರು. ಅನು ನನ್ನ ತೊಡೆಯ ಮೇಲೆ ಕುಳಿತು ನನ್ನ ಬಳೆಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಳು.

ಆ ದಿನವೇ ಮಧ್ಯಾಹ್ನ ನಾನು ಅಡಿಗೆಮನೆಯಲ್ಲಿ ಸ್ಟೀಲ್ ಲೋಟಕ್ಕೆ ಎಲೆ ಹಾಕಿ ನೀರು ಹುಯ್ದೆ. ಮೊದಲ ನೀರನ್ನು ಸಿಂಕಿಗೆ ಬಗ್ಗಿಸುವಷ್ಟರಲ್ಲಿ ಹಿಂದಿನಿಂದ ಅತ್ತೆಯ ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು.

"ನೀನೂ ಶುರುಮಾಡಿದ್ಯಾ? ಕೊಡು ಇಲ್ಲಿ ಆ ಮೊದಲನೇದನ್ನ."

ಕೊಟ್ಟೆ. ಎತ್ತಿ ಕುಡಿದರು. ಲೋಟವನ್ನು ನನ್ನ ಮುಂದಿಟ್ಟರು. ನಾನು ಎರಡನೇ ನೀರು ಹುಯ್ದು, ಮೂರು ಉಸಿರು ಎಣಿಸಿ, ಕೊಟ್ಟೆ. ಅತ್ತೆ ಅದನ್ನು ಕುಡಿದು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡರು. ಮೈಸೂರಿನಲ್ಲಿ ಹೊಸ ಅಂಗಡಿಯ ಕಾಫಿಪುಡಿ ತಂದಾಗ ಹೀಗೇ ಮಾಡುತ್ತಿದ್ದರು. ಮೂರನೆಯದನ್ನು ಕೇಳಿ ಹಾಕಿಸಿಕೊಂಡರು. ಲೋಟ ಕೆಳಗಿಟ್ಟು ಕೇಳಿದರು, "ಅವಳು ನನಗೆ ಕೊಟ್ಟದ್ದು ಇದನ್ನೇ ತಾನೆ?"

"ಹೂಂ ಅತ್ತೆ. ಮೊದಲನೇದು ಧೂಳು ತೊಳೆಯೋಕೆ. ಒಳ್ಳೇದನ್ನೇ ನಿಮಗೆ ಕೊಟ್ಟದ್ದು."

ಅತ್ತೆಯ ಕಿವಿ ಕೆಂಪಾಯಿತು. ಆಗ ನಾನು ಪೀಟರನ ಕಥೆಯನ್ನೂ ಹೇಳಿದೆ, ಥ್ಯಾಂಕ್ಯೂ ಆಂಟಿಯನ್ನೂ ಹೇಳಿದೆ. ಮತ್ತೆ, ಚಳಿಗಾಲವಿಡೀ ಹೇಳಲಾಗದ ಮಾತು ತಾನಾಗಿಯೇ ಬಂತು. "ನನಗೆ ಮಗೂನ ಕಳಿಸೋಕೆ ಇಷ್ಟ ಇಲ್ಲ ಅತ್ತೆ." ಅವರು ನನ್ನ ಕಡೆ ನೋಡಲಿಲ್ಲ. ಫಿಲ್ಟರ್ ತೊಳೆದರು, ಪುಡಿ ಹಾಕಿದರು, ನೀರು ಹುಯ್ದು ಮುಚ್ಚಳ ಹಾಕಿದರು. ಅದು ಇಳಿಯುವವರೆಗೂ ಒಲೆಯ ಮುಂದೆ ನಿಂತೇ ಇದ್ದರು. ಆಮೇಲೆ ಗಟ್ಟಿ ಡಿಕಾಕ್ಷನ್ನಿಗೆ ನೊರೆಹಾಲು ಬೆರೆಸಿ, ತಾವು ಊರಿನಿಂದ ತಂದಿದ್ದ ಬೆಳ್ಳಿಲೋಟಕ್ಕೆ ಹುಯ್ದು, ಒಬ್ಬರೇ ಮೆಟ್ಟಿಲು ಹತ್ತಿದರು.

ನಾನು ಕೆಳಗೆ ನಿಂತು ಕಿವಿ ಕೊಟ್ಟೆ. ಒಬ್ಬರಿಗೆ ಕನ್ನಡ, ಇನ್ನೊಬ್ಬರಿಗೆ ಚೀನೀ ಭಾಷೆ. ಏನು ಮಾತಾಡುತ್ತಾರೆ? ಲೋಟ ಇಟ್ಟ ಸದ್ದು, ಕುರ್ಚಿ ಎಳೆದ ಸದ್ದು. ಗಂಟೆಗಟ್ಟಲೆ ಆದಮೇಲೆ ಅತ್ತೆ ಇಳಿದು ಬಂದರು.

"ಫೋಟೋ ಆಲ್ಬಂ ತೋರಿಸಿದಳು" ಎಂದರು. "ಮಗ ಹತ್ತು ತಿಂಗಳಲ್ಲಿ ತೊಡೆ ಮೇಲೆ ಕೂತಿರೋದು ಇದೆ. ಹಾಳೆ ತಿರುಗಿಸಿದರೆ ಸ್ಕೂಲ್ ಬ್ಯಾಗ್ ಹಾಕ್ಕೊಂಡು ನಿಂತಿದ್ದಾನೆ. ನಡುವೆ ಒಂದೂ ಇಲ್ಲ ಕಣೆ. ಒಂದೂ ಇಲ್ಲ."

ಬೆಳ್ಳಿಲೋಟ ತೊಳೆದಿಡುತ್ತಾ, "ಮಗೂ ಟಿಕೆಟ್ಟು ಬೇಡ ಅಂತ ಅವನಿಗೆ ಹೇಳು. ತೊಟ್ಟಿಲು ಪಾಲಿಶ್ ಆಗಿದೆಯಂತೆ, ಇರಲಿ, ಇನ್ಯಾರಿಗಾದರೂ ಆಗತ್ತೆ" ಎಂದರು. ಆಮೇಲೆ ಅನುವನ್ನು ಎತ್ತಿಕೊಂಡು ಕಿಟಕಿಯ ಕೆಳಗೆ ಹೋಗಿ ನಮಗೆ ಬೆನ್ನು ಮಾಡಿ ಕುಳಿತರು. ನಾನು ಗೆದ್ದೆ ಎಂದು ನನಗೆ ಅನ್ನಿಸಲಿಲ್ಲ. ನನ್ನ ಮಗುವನ್ನು ನನಗೆ ಉಳಿಸಿಕೊಡಲು ಅವರು ತಮ್ಮದನ್ನು ಬಿಟ್ಟುಕೊಟ್ಟಿದ್ದರು.

ಏರ್‌ಪೋರ್ಟಿಗೆ ಮಿಸೆಸ್ ಲಿನ್ ಕೂಡ ಬಂದರು. ಒಳಗೆ ಹೋಗುವ ಬಾಗಿಲಿನವರೆಗೂ ಅತ್ತೆ ಮಗುವನ್ನು ಯಾರ ಕೈಗೂ ಕೊಡಲಿಲ್ಲ. ಅಲ್ಲಿ ನಿಂತು, ಅನುವಿನ ಕೆನ್ನೆಗೆ ಒಂದು ಸಲ ಮುಖ ಒತ್ತಿ, ಅವಳನ್ನು ತೆಗೆದು ಮಿಸೆಸ್ ಲಿನ್ ಅವರ ತೋಳಿಗೆ ಹಾಕಿದರು. "ನೋಡಿಕೊಳ್ಳಮ್ಮ" ಎಂದು ಅಚ್ಚ ಕನ್ನಡದಲ್ಲಿ ಹೇಳಿದರು. "ಯಸ್, ಯಸ್" ಎಂದರು ಮಿಸೆಸ್ ಲಿನ್. ನನಗೆ ಮಾತ್ರ, "ಅವಳಿಗೆ ದಿನಾ ಕಾಫಿ ಮೊದಲನೇದನ್ನೇ ಕೊಡು" ಎಂದು ಹೇಳಿ ತಿರುಗಿ ನೋಡದೆ ನಡೆದರು.

ನಾಲ್ಕು ವರ್ಷ ನಮ್ಮ ಅನು ಮೇಲಿನ ಮನೆಯಲ್ಲಿ ಬೆಳೆದಳು. ನಾನು ಕೆಲಸದಿಂದ ಬಂದರೆ ಮೆಟ್ಟಿಲ ತುದಿಯಲ್ಲಿ ನಿಂತು, ಕನ್ನಡವೋ ಚೀನಿಯೋ ತಿಳಿಯದ ಭಾಷೆಯಲ್ಲಿ ಇಡೀ ದಿನದ ವರದಿ ಒಪ್ಪಿಸುತ್ತಿದ್ದಳು. ಅತ್ತೆ ಆಮೇಲೆ ಎರಡು ಸಲ ಬಂದುಹೋದರು, ಎರಡು ಸಲವೂ ಹೆಚ್ಚು ಹೊತ್ತು ಮೇಲಿನ ಮನೆಯಲ್ಲೇ ಇದ್ದರು. ಈಗ ಮಿಸೆಸ್ ಲಿನ್ ರಿಚ್‌ಮಂಡ್ ಹಿಲ್‌ನಲ್ಲಿ ಪೀಟರನ ಜೊತೆ ಇದ್ದಾರೆ, ಅವನ ಮಗುವನ್ನು ನೋಡಿಕೊಳ್ಳುತ್ತಾರೆ. ಅವನು ಅವರನ್ನು ಮಾ ಎಂದೇ ಕರೆಯುತ್ತಾನೆ. ಹೋದ ತಿಂಗಳು ಹೋಗಿದ್ದಾಗ, ಉಪ್ಪು ಜಾಸ್ತಿ ಹಾಕುತ್ತೀಯ ಎಂದು ಅಮ್ಮನಿಗೆ ರೇಗುತ್ತಿದ್ದ. ಮಿಸೆಸ್ ಲಿನ್ ಬಹಳ ಸಂತೋಷವಾಗಿ ಬೈಸಿಕೊಳ್ಳುತ್ತಿದ್ದರು.

ಆಫೀಸಿನಿಂದ ಬಂದವಳೇ ಇದನ್ನೆಲ್ಲ ಯೋಚಿಸುತ್ತಾ ನನಗೆ ನಾನೇ ಚಹಾ ಮಾಡಿಕೊಂಡು ಕುಳಿತಿದ್ದೆ. ಮೂರನೇ ನೀರು ಹುಯ್ಯುವಷ್ಟರಲ್ಲಿ ಅನು ಸ್ಕೂಲಿನಿಂದ ಬಂದಳು. ಬಂದಳು ಎಂದರೆ, ಮೊದಲು ಬ್ಯಾಗು ಸೋಫಾದ ಮೇಲೆ ಬಿತ್ತು, ಒಂದು ಬೂಟು ಬಾಗಿಲ ಹತ್ತಿರ, ಇನ್ನೊಂದು ಕಾರ್ಪೆಟ್ಟಿನ ನಡುವೆ, ಆಮೇಲೆ ಫ್ರಿಜ್ಜಿನ ಬಾಗಿಲು ತೆರೆದ ಸದ್ದು.

"ಅಮ್ಮಾ, ವೈ ಈಸ್ ದೇರ್ ನೆವರ್ ಎನಿಥಿಂಗ್ ಟು ಈಟ್ ಇನ್ ದಿಸ್ ಹೌಸ್?"

"ಚಿತ್ರಾನ್ನ ಇದೆಯಲ್ಲೇ."

"ಅಗೇನ್? ಯು ನೆವರ್ ಲಿಸನ್ ಟು ಮಿ."

ಬೇರೆ ದಿನವಾಗಿದ್ದರೆ ಈ ಮಾತಿಗೆ ನನ್ನ ಹತ್ತಿರ ಒಂದು ಸಿದ್ಧ ಉತ್ತರವಿದೆ. ನಿನ್ನನ್ನ ಅಜ್ಜಿ ಜೊತೆ ಮೈಸೂರಿಗೆ ಕಳಿಸಿಬಿಡಬೇಕಾಗಿತ್ತು, ನಾಲ್ಕು ಒಳ್ಳೆ ಮಾತು ಕಲಿತು ಬರುತ್ತಿದ್ದೆ ಎಂದು ವಾರಕ್ಕೆರಡು ಸಲವಾದರೂ ಅನ್ನುತ್ತೇನೆ. ಇವತ್ತೂ ಅದು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಹೊರಗೆ ಬರಲಿಲ್ಲ. ಇನ್ನು ಮುಂದೆಯೂ ಬರಲಾರದು.

ಅವಳು ಬಂದು ನನ್ನ ಕುರ್ಚಿಯ ತೋಳಿಗೆ ಒರಗಿ, ನನ್ನ ಕೈಯಿಂದ ಬಟ್ಟಲನ್ನು ಕೇಳದೆಯೇ ಕಿತ್ತುಕೊಂಡು, ನಾನು ಕುಡಿದು ಬಿಟ್ಟಿದ್ದನ್ನು ಒಂದೇ ಗುಟುಕಿಗೆ ಕುಡಿದಳು. ಮುಖ ಸಿಂಡರಿಸಿ ಖಾಲಿ ಬಟ್ಟಲನ್ನು ನನ್ನ ತೊಡೆಯ ಮೇಲೆ ಇಟ್ಟು ಮಹಡಿ ಹತ್ತಿ ಹೋದಳು. ಥ್ಯಾಂಕ್ಸ್ ಅನ್ನಲಿಲ್ಲ. ಅನ್ನಬೇಕೆಂದು ಅವಳಿಗೆ ತೋಚಲೂ ಇಲ್ಲ.